ಗಾಳದ ಕೋಲೂ ಕೆರೆಯ ಮೇಲಿನ ತಂತಿಯೂ

ಮಳೆ ಹಿಡಿದು ಕೆರೆ ಕೋಡಿ ಬಿತ್ತೆಂದರೆ ಏರಿಯ ಮೇಲೆ ಗಾಳ ಹಾಕುವವರ ಸಾಲು ಕಾಣುವುದು ರೈತ ಬಾಂಧವರಿಗೆ ತಿಳಿದದ್ದೇ. ಈಚೆಗೆ ಅವರ ಕೈಯ ಕೋಲು ಬದಲಾಗುತ್ತಿದೆ. ಬಿದಿರಿನ ಜಾಗಕ್ಕೆ, ಒಂದರೊಳಗಿಂದ ಒಂದನ್ನೆಳೆದು ಉದ್ದ ಮಾಡುವ ಕಾರ್ಬನ್ ಫೈಬರ್ ಕೋಲು ಪೇಟೆಯಿಂದ ಬಂದಿದೆ. ಹಗುರ, ಗಟ್ಟಿ, ನೋಡಲು ಪ್ಲಾಸ್ಟಿಕ್ಕಿನಂತೆ. ಆದರೆ ಕಾರ್ಬನ್ನಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಬಿದಿರಾದರೆ ಭಯವಿಲ್ಲವೆಂದೂ ತಿಳಿಯಬೇಡಿ. ನೀರು ಕುಡಿದ ಬಿದಿರು, ತೋಯ್ದ ದಾರ ಎರಡೂ ವಿದ್ಯುತ್ತಿಗೆ ದಾರಿ ಕೊಡುತ್ತವೆ.

ಒಂದು ಲೆಕ್ಕ ಹಾಕಿ ನೋಡಿ. ರಸ್ತೆಯಿಂದ ಹೊರಗೆ, 11 ಕೆ.ವಿ.ವರೆಗಿನ ಹೊದಿಕೆಯಿಲ್ಲದ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ ಸುಮಾರು 15 ಅಡಿ ಮೇಲಿರಬೇಕೆಂದು ಸುರಕ್ಷತಾ ನಿಯಮ ಹೇಳುತ್ತದೆ. 12 ಅಡಿಯ ಕೋಲು ಹಿಡಿದವನು ಗಾಳ ಬೀಸಲು ಕೈಯೆತ್ತಿದರೆ ತುದಿ 16ರಿಂದ 18 ಅಡಿಗೆ ಹೋಗುತ್ತದೆ. ತಂತಿ ನಿಯಮದಂತೆ ಇದ್ದಾಗಲೇ ಈ ಗತಿ. ಬಿಸಿಲಿಗೆ ಜೋತಾಗ, ಕಂಬ ವಾಲಿದಾಗ ಕೇಳುವುದೇ ಬೇಡ. ಹೈಟೆನ್ಷನ್ ತಂತಿಗೆ ತುದಿ ತಾಗಲೇಬೇಕೆಂದೂ ಇಲ್ಲ, ತೀರಾ ಹತ್ತಿರ ಬಂದರೆ ಕಿಡಿ ಹಾರುತ್ತದೆ.

ಇನ್ನು ಏರಿಯ ಮಾತು. ಹೂಳೆತ್ತಿದ ಮಣ್ಣನ್ನು ಏರಿಗೆ ಸುರಿಯುವುದು ಒಳ್ಳೆಯ ಕೆಲಸವೇ ಸರಿ. ಆದರೆ ತಂತಿ ಇದ್ದಲ್ಲೇ ಇರುತ್ತದೆ, ನೆಲ ಮೇಲೇರುತ್ತದೆ. ಮೂರು ಅಡಿ ಮಣ್ಣು ಬಿದ್ದರೆ 15 ಅಡಿ ಹೋಗಿ 12 ಉಳಿಯಿತು. ತಂತಿಯ ಕೆಳಗೆ ಕಟ್ಟೆ ಕಟ್ಟುವವರು, ರಸ್ತೆ ಎತ್ತರಿಸುವವರು ಮೊದಲೇ ವಿದ್ಯುತ್ ಕಂಪನಿಗೂ ವಿದ್ಯುತ್ ಪರಿವೀಕ್ಷಕರಿಗೂ ಕಾಗದ ಬರೆದು ತಿಳಿಸಬೇಕೆಂಬ ನಿಯಮ 1956ರ ವಿದ್ಯುತ್ ನಿಯಮಾವಳಿಯ ಕಾಲದಿಂದಲೂ ಇದೆ. ಎಷ್ಟು ಮಂದಿ ಗುತ್ತಿಗೆದಾರರು ಹಾಗೆ ಬರೆದಾರು, ನೀವೇ ಬಲ್ಲಿರಿ! ನಿಮ್ಮೂರ ಕೆರೆಯ ಕೆಲಸವಾದಾಗ ಈ ಕಾಗದ ಹೋಗಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ತಂತಿ ತಗ್ಗಿದ್ದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಾರ್ಬನ್ ದೋಟಿಯಿಂದ ಕೊನೆ ಕೊಯ್ಯುವ ಅಡಿಕೆ ಬೆಳೆಗಾರರಿಗೂ ಇದೇ ಮಾತು ಸಲ್ಲುತ್ತದೆ. ಅವರ ದೋಟಿ ಗಾಳದ ಕೋಲಿಗಿಂತ ಎಷ್ಟೋ ಪಾಲು ಉದ್ದ.

ಬ್ರಿಟನ್ನಿನಲ್ಲಿ ಗಾಳ ಹಾಕುವವರಿಗೆ ತಂತಿಯಿಂದ 30 ಮೀಟರ್ ದೂರವಿರಿ ಎಂಬ ಸೂಚನೆಯಿದೆ. ನಮಗೂ ಅದೇ ಒಳ್ಳೆಯದು. ಸುಮಾರು ನೂರು ಅಡಿ ಆಚೆ ಕೂತರೂ ಮೀನು ಸಿಗುತ್ತದೆ. ತಂತಿಯ ಕೆಳಗೆ ದಾಟುವಾಗ ಕೋಲನ್ನು ಮಡಚಿ, ಅಡ್ಡಲಾಗಿ ತಗ್ಗಿಸಿ ಹಿಡಿದು ಹೋಗಿ. ದಾರ ತಂತಿಗೆ ಸಿಕ್ಕಿಕೊಂಡರೆ ಎಳೆಯಬೇಡಿ, ಕೋಲಿನ ಆಸೆ ಬಿಟ್ಟು ದೂರ ಸರಿಯಿರಿ.

ಯಾರಿಗಾದರೂ ಹೈಟೆನ್ಷನ್ ಶಾಕ್ ಹೊಡೆದರೆ ಒಣಕೋಲಿನಿಂದ ಬಿಡಿಸಲು ಕೂಡ ಹತ್ತಿರ ಹೋಗಬಾರದು. ಕೂಡಲೇ 1912ಕ್ಕೆ, ಲೈನ್‌ಮನ್‌ಗೆ ಫೋನ್ ಮಾಡಿಸಿ. ಲೈನು ಬಂದ್ ಆಯಿತೆಂದು ಅವರ ಬಾಯಿಂದ ಕೇಳಿದ ಮೇಲೆಯೇ ಬಿದ್ದವರನ್ನು ಮುಟ್ಟಿ.