ಹದಿನಾರಕ್ಕೆ ಸೊನ್ನೆ, ಆದರೂ ಮೊದಲ ಆಯ್ಕೆ!

ಹದಿನಾರು ಪರೀಕ್ಷೆ ಬರೆದು ಹದಿನಾರರಲ್ಲೂ ನಪಾಸಾದ ಹುಡುಗನಿಗೆ ಮೊದಲು ಯಾವ ವಿಷಯಕ್ಕೆ ಟ್ಯೂಷನ್ ಇಡಿಸಬೇಕು? 2008ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಡೆಟ್ರಾಯಿಟ್ ಲಯನ್ಸ್ ತಂಡದ ಮುಂದಿದ್ದುದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಆ ಋತುವಿನ 16 ಪಂದ್ಯಗಳನ್ನೂ ತಂಡ ಸೋತಿತ್ತು. ನ್ಯಾಷನಲ್ ಫುಟ್‌ಬಾಲ್ ಲೀಗ್ 1978ರಲ್ಲಿ ಋತುವಿಗೆ 16 ಪಂದ್ಯಗಳೆಂದು ಗೊತ್ತುಮಾಡಿದ ಮೇಲೆ ಇಂಥ ಪರಿಪೂರ್ಣ ಸೊನ್ನೆ ಬೇರಾರಿಗೂ ದಕ್ಕಿರಲಿಲ್ಲ.

ಇದು ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ದಾಳಿಗೆ 11 ಮಂದಿಯ ಒಂದು ಪಡೆ, ರಕ್ಷಣೆಗೆ ಇನ್ನೊಂದು. ದಾಳಿಯ ಸೂತ್ರಧಾರ ಕ್ವಾರ್ಟರ್‌ಬ್ಯಾಕ್. ಆತ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವರು ರಿಸೀವರ್‌ಗಳು. ಎಸೆಯುವ ತನಕ ಎದುರಾಳಿಗಳು ಅವನ ಮೇಲೆರಗದಂತೆ ಗೋಡೆಯಾಗಿ ನಿಲ್ಲುವವರು ಲೈನ್‌ಮನ್‌ಗಳು. ಚಪ್ಪಾಳೆ ಮೊದಲಿಬ್ಬರಿಗೆ, ಪೆಟ್ಟು ಮೂರನೆಯವರಿಗೆ!

ವರ್ಷಕ್ಕೊಮ್ಮೆ 32 ತಂಡಗಳು ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ 'ಡ್ರಾಫ್ಟ್'. ಸೀಟು ಹಂಚಿಕೆಯಲ್ಲಿ ಮೊದಲ ರ‍್ಯಾಂಕಿನವರಿಗೆ ಮೊದಲ ಆಯ್ಕೆಯಾದರೆ ಇಲ್ಲಿ ಎಲ್ಲವೂ ತಲೆಕೆಳಗು, ಕೊನೆಯವರೇ ಮೊದಲು. ಹೀಗಾಗಿ 2009ರ ಏಪ್ರಿಲ್‌ನ ಮೊದಲ ಆಯ್ಕೆ ಲಯನ್ಸ್ ಪಾಲಿಗೆ ಬಂದಿತು.

ತಂಡಕ್ಕೆ ಏನು ಬೇಕಿತ್ತು? ಏನು ಬೇಡವಾಗಿತ್ತು ಎಂದು ಕೇಳುವುದೇ ಸುಲಭ. ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕ 517, ಅಂದರೆ ಪಂದ್ಯಕ್ಕೆ 32ಕ್ಕೂ ಹೆಚ್ಚು. ರಕ್ಷಣೆ ಹೇಗಿತ್ತೆನ್ನಲು ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಒಂದೇ ಋತುವಿನಲ್ಲಿ ಮೂವರು ಕ್ವಾರ್ಟರ್‌ಬ್ಯಾಕ್‌ಗಳು ಪಂದ್ಯ ಆರಂಭಿಸಿದ್ದರು. ಅವರಲ್ಲೊಬ್ಬನಾದ ಡ್ಯಾನ್ ಓರ್ಲೋವ್‌ಸ್ಕಿ ಮಿನೆಸೋಟದ ವಿರುದ್ಧ ಚೆಂಡು ಹಿಡಿದು ಓಡುತ್ತ, ತನಗೇ ಅರಿವಿಲ್ಲದೆ ಮೈದಾನದ ಹಿಂಬದಿಯ ಗೆರೆ ದಾಟಿಬಿಟ್ಟ. ಅದರಿಂದ ಎದುರಾಳಿಗೆ ಸಿಕ್ಕಿದ್ದು ಎರಡು ಅಂಕ. ಪಂದ್ಯ ಸೋತದ್ದು 12-10ರಿಂದ, ಅದೇ ಎರಡು ಅಂಕಗಳಿಂದ!

ವಿಚಿತ್ರವೆಂದರೆ ತಂಡದಲ್ಲಿ ಪ್ರತಿಭೆಗೆ ಬರವಿರಲಿಲ್ಲ. ರಿಸೀವರ್ ಕ್ಯಾಲ್ವಿನ್ ಜಾನ್ಸನ್ ಆ ಸೋಲಿನ ಋತುವಿನಲ್ಲೇ 1,331 ಗಜ ಕ್ರಮಿಸಿದ್ದ. ರೋಗ ಹಳೆಯದು. 2001ರಿಂದ ತಂಡ ಕಟ್ಟುವ ಹೊಣೆ ಹೊತ್ತಿದ್ದ ಮ್ಯಾಟ್ ಮಿಲೆನ್ 2003, 2004, 2005ರಲ್ಲಿ ಸತತವಾಗಿ ಮೊದಲ ಸುತ್ತಿನಲ್ಲಿ ರಿಸೀವರ್‌ಗಳನ್ನೇ ಆರಿಸಿದರು. 2007ರಲ್ಲಿ ಜಾನ್ಸನ್ ನಾಲ್ಕನೆಯವ. ಜಾನ್ಸನ್ ಆಯ್ಕೆಯನ್ನು ಯಾರೂ ತಪ್ಪೆನ್ನಲಾರರು. ಆದರೆ ಅಡಿಪಾಯ ಬಿರುಕು ಬಿಟ್ಟಿರುವಾಗ ವರ್ಷ ವರ್ಷವೂ ಕಿಟಕಿಗೆ ಬಣ್ಣದ ಗಾಜು ಹಾಕಿಸಿದರೆ ಮನೆ ನಿಂತೀತೇ? 2008ರ ಸೆಪ್ಟೆಂಬರ್‌ನಲ್ಲಿ ಮಿಲೆನ್ ಹುದ್ದೆ ಕಳೆದುಕೊಂಡರು. ಆ ಸ್ಥಾನಕ್ಕೆ ಬಂದ ಮಾರ್ಟಿನ್ ಮೇಹ್ಯೂ ಅಕ್ಟೋಬರ್‌ನಲ್ಲಿ 2004ರ ರಿಸೀವರ್ ರಾಯ್ ವಿಲಿಯಮ್ಸ್‌ನನ್ನು ಡಲ್ಲಾಸ್‌ಗೆ ಕೊಟ್ಟು, ಮುಂದಿನ ಡ್ರಾಫ್ಟಿನಲ್ಲಿ ಅವರ ಮೊದಲ ಸುತ್ತಿನ ಸರದಿಯನ್ನು ಪಡೆದರು.

ಮೊದಲ ಆಯ್ಕೆ ಯಾರಿಗೆ? ಜಾರ್ಜಿಯ ವಿಶ್ವವಿದ್ಯಾಲಯದ 21ರ ಹುಡುಗ, ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ನ ತೋಳುಬಲ ಎಲ್ಲರಿಗೂ ಗೊತ್ತಿತ್ತು. ಆದರೆ ಗೋಡೆಯೇ ಇಲ್ಲದ ಕಡೆ ಹುಡುಗನನ್ನು ನಿಲ್ಲಿಸಿದರೆ ಮೂಳೆ ಮುರಿದೀತು, ಮೊದಲು ಲೈನ್‌ಮನ್ ಜೇಸನ್ ಸ್ಮಿತ್‌ನನ್ನು ತನ್ನಿ ಎಂದರು ಕೆಲವರು. ರಕ್ಷಣೆಗೆ ಲೈನ್‌ಬ್ಯಾಕರ್ ಆರನ್ ಕರಿಯೇ ಸರಿ, ಅದರಲ್ಲಿ ಅಪಾಯ ಕಡಿಮೆ ಎಂಬುದು ಇನ್ನು ಕೆಲವರ ವಾದ.

ಲಯನ್ಸ್ ಸ್ಟಾಫರ್ಡ್‌ನನ್ನೇ ಆರಿಸಿತು. ಖಾತರಿ ಹಣವೇ 4 ಕೋಟಿ 17 ಲಕ್ಷ ಡಾಲರ್! ಡಲ್ಲಾಸ್‌ನಿಂದ ಬಂದ 20ನೇ ಸರದಿಯಲ್ಲಿ ಬ್ರ್ಯಾಂಡನ್ ಪೆಟಿಗ್ರೂ ಬಂದ. ಗೋಡೆಯಲ್ಲೂ ನಿಲ್ಲಬಲ್ಲ, ಚೆಂಡನ್ನೂ ಹಿಡಿಯಬಲ್ಲ 'ಟೈಟ್ ಎಂಡ್' ಆತ. ರಕ್ಷಣೆಗೆ ಎರಡನೇ ಸುತ್ತಿನಲ್ಲಿ ಲೂಯಿ ಡೆಲ್ಮಾಸ್, ಮೂರನೆಯದರಲ್ಲಿ ಡಿಆಂಡ್ರೆ ಲೆವಿ. ಒಂದೇ ಡ್ರಾಫ್ಟಿನಲ್ಲಿ ಎಲ್ಲ ತೂತು ಮುಚ್ಚಲಾಗದೆಂಬುದು ಅವರಿಗೂ ತಿಳಿದಿತ್ತು. 2009ರಲ್ಲಿ ತಂಡ ಗೆದ್ದದ್ದು ಎರಡೇ ಪಂದ್ಯ.

ಎಚ್ಚರಿಸಿದವರ ಮಾತೂ ಸುಳ್ಳಾಗಲಿಲ್ಲ. ಗಾಯಗಳಿಂದಾಗಿ ಸ್ಟಾಫರ್ಡ್ 2009ರಲ್ಲಿ ಹತ್ತು, 2010ರಲ್ಲಿ ಮೂರೇ ಪಂದ್ಯ ಆಡಿದ. 2011ರಲ್ಲಿ ಮಾತ್ರ 5,038 ಗಜ ಎಸೆದ. 1999ರ ಋತುವಿನ ನಂತರ ಲಯನ್ಸ್ ಮೊದಲ ಬಾರಿಗೆ ಪ್ಲೇಆಫ್ ಕಂಡಿತು. ಅಪಾಯವಿಲ್ಲದ ಆಯ್ಕೆ ಎನಿಸಿದ್ದ ಕರಿಯನ್ನು ಆತನ ತಂಡ ಅದೇ ವರ್ಷ ಬೇರೆಯವರಿಗೆ ದಾಟಿಸಿತು. ಸ್ಮಿತ್‌ನದೂ ಮರುವರ್ಷ ಅದೇ ಪಾಡು.

ಆದರೆ ಡೆಟ್ರಾಯಿಟ್ ಜನ ಇಂದಿಗೂ ನೆನೆಯುವುದು 2009ರ ನವೆಂಬರ್ 22ನ್ನು. ಕ್ಲೀವ್‌ಲ್ಯಾಂಡ್ ವಿರುದ್ಧ 31-37ರ ಹಿನ್ನಡೆ, ಗಡಿಯಾರದಲ್ಲಿ ಸಮಯ ಸೊನ್ನೆ. ಎಸೆಯುವಾಗ ಬಿದ್ದ ಪೆಟ್ಟಿಗೆ ಸ್ಟಾಫರ್ಡ್‌ನ ಎಡ ಭುಜದ ಕೀಲು ಸರಿದಿತ್ತು. ಎದುರಾಳಿಯ ತಪ್ಪಿನಿಂದ ಇನ್ನೊಂದೇ ಒಂದು ಅವಕಾಶ ಸಿಕ್ಕಿತು, ಗುರಿ ಒಂದೇ ಗಜ ದೂರ. ಹುಡುಗ ಪಕ್ಕದಲ್ಲಿ ನರಳುತ್ತಿದ್ದ; ಬದಲಿ ಆಟಗಾರ ಒಳಗೆ ಬಂದಾಗಿತ್ತು. ಅಷ್ಟರಲ್ಲಿ ಕ್ಲೀವ್‌ಲ್ಯಾಂಡ್ ವಿರಾಮ ಕೇಳಿತು. ಆ ಬಿಡುವಿನಲ್ಲಿ ಸ್ಟಾಫರ್ಡ್ ವೈದ್ಯರ ಕೈಯಿಂದ ತಪ್ಪಿಸಿಕೊಂಡು ಮೈದಾನಕ್ಕೆ ಮರಳಿ, ಬಲಗೈಯಿಂದ ಚೆಂಡೆಸೆದ. ಅದನ್ನು ಹಿಡಿದವನು ಪೆಟಿಗ್ರೂ. ನಂತರದ ಒದೆತದೊಂದಿಗೆ ಲಯನ್ಸ್‌ಗೆ 38-37ರ ಗೆಲುವು.