ಡೆನಾಲಿಯನ್ನು ನೋಡುವುದಾದರೆ ಹಡಗು ಹತ್ತುವ ಮೊದಲೇ ನೋಡಿ



ಯುಗಾದಿ ಕಳೆದು ಊರಿನಿಂದ ತಂದೆತಾಯಿಗಳು ಬಂದಿಳಿಯಲಾರಂಭಿಸಿದರೆಂದರೆ ನಮ್ಮ ಕೂಟದ ಆರೋಗ್ಯ ಸಲಹಾ ಮೇಜಿನ ಮುಂದೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಡಾಕ್ಟರೇ, ಜೂನ್‌ನಲ್ಲಿ ಅಲಾಸ್ಕಾ ಕ್ರೂಸ್ ಬುಕ್ ಮಾಡಿದ್ದೇವೆ. ಕೊನೆಗೆ ಮೂರು ದಿನ ಡೆನಾಲಿಯನ್ನೂ ಸೇರಿಸಿದ್ದೇವೆ. ಅಪ್ಪನಿಗೆ ಏನೂ ತೊಂದರೆಯಾಗದು ತಾನೆ?" ಅಷ್ಟರಲ್ಲಿ ಹಣ ಕಟ್ಟಿಯಾಗಿರುತ್ತದೆ, ರಜೆ ಮಂಜೂರಾಗಿರುತ್ತದೆ. ಕೇಳುವವರಿಗೆ ಬೇಕಾಗಿರುವುದು ಸಲಹೆಗಿಂತ ಹೆಚ್ಚಾಗಿ ಒಪ್ಪಿಗೆ. ಆದ್ದರಿಂದ ಈ ಲೇಖನವನ್ನು ಇನ್ನೂ ಹಣ ಕಟ್ಟದೆ ಉಳಿದಿರುವ ಕುಟುಂಬಗಳಿಗಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರಿಗೆ ಹಡಗುಯಾನದಷ್ಟು ಅನುಕೂಲದ ಪ್ರವಾಸ ಬೇರೊಂದಿಲ್ಲ. ಗಂಟುಮೂಟೆ ಒಮ್ಮೆ ಬಿಚ್ಚಿದರೆ ಮುಗಿಯಿತು, ಶೌಚಾಲಯ ಹತ್ತು ಹೆಜ್ಜೆಯಲ್ಲಿದೆ, ವೈದ್ಯರು ಕೆಳಮಹಡಿಯಲ್ಲಿದ್ದಾರೆ. ತೊಂದರೆ ಕೊಡುವುದು ಅದರ ಬಾಲಕ್ಕೆ ನಾವು ಕಟ್ಟುವ ಉಪಪ್ರವಾಸ. ಡೆನಾಲಿ ಬೇಕೇ ಬೇಕೆನಿಸಿದರೆ ಅದನ್ನು ಹಡಗಿಗೆ ಮೊದಲು ಇರಿಸಿ, ಎರಡರ ನಡುವೆ ಏನೂ ಮಾಡದ ಒಂದು ಪೂರ್ಣ ದಿನವನ್ನು ಬಿಡಿ. ಹಿರಿಯರ ಹೃದಯವೋ ಮಂಡಿಯೋ ಸೋತಿದ್ದರೆ ಉದ್ಯಾನದ ಬಾಗಿಲಿನವರೆಗೂ ಹೋಗಬೇಡಿ. ಪರ್ವತವನ್ನು ದೂರದಿಂದಲೇ ನೋಡಿ ಬನ್ನಿ.

ಇದು ಅತಿ ಎಚ್ಚರಿಕೆಯೆಂದು ಕಾಣಬಹುದು. ಭೂಪಟವನ್ನು ಒಮ್ಮೆ ಹರಡಿ ನೋಡಿದರೆ ಹಾಗೆನಿಸದು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗುಗಳು ಜುನೋ, ಸ್ಕ್ಯಾಗ್ವೇ, ಕೆಚಿಕನ್ ಊರುಗಳನ್ನು ಮುಟ್ಟುತ್ತವೆ. ಇವೆಲ್ಲ ಅಲಾಸ್ಕಾದ ಆಗ್ನೇಯ ಮೂಲೆಯಲ್ಲಿವೆ. ರಾಜ್ಯದ ರಾಜಧಾನಿಯಾದರೂ ಜುನೋ ಊರಿನಿಂದ ಹೊರಹೋಗಲು ರಸ್ತೆಯೇ ಇಲ್ಲ. ವಿಮಾನ ಅಥವಾ ದೋಣಿ ಮಾತ್ರ. ಅಲ್ಲಿ ಇಳಿದು ಡೆನಾಲಿಯನ್ನು ನೋಡಿಬರುವ ಪ್ರಶ್ನೆಯೇ ಏಳುವುದಿಲ್ಲ. ಆದರೂ ಪ್ರತಿವರ್ಷ ಒಬ್ಬರಾದರೂ ಆ ಸಾಧ್ಯತೆಯನ್ನು ನನ್ನಲ್ಲಿ ವಿಚಾರಿಸುತ್ತಾರೆ.

ಡೆನಾಲಿಗೆ ಹೋಗಬೇಕೆಂದರೆ ವ್ಯಾಂಕೂವರ್‌ನಿಂದ ಉತ್ತರಕ್ಕೆ ಏಳು ರಾತ್ರಿ ಸಾಗಿ ವಿಟ್ಟಿಯರ್ ಅಥವಾ ಸೀವರ್ಡ್‌ನಲ್ಲಿ ಕೊನೆಗೊಳ್ಳುವ ಹಡಗು, ಇಲ್ಲವೇ ಅದೇ ಮಾರ್ಗವನ್ನು ತಿರುಗುಮುರುಗಾಗಿ ಕ್ರಮಿಸುವ ಹಡಗು ಬೇಕು. (ಎರಡರಲ್ಲೂ ಕೆನಡಾ ಸೇರಿಕೊಂಡಿದೆ. ಭಾರತದ ಪಾಸ್‌ಪೋರ್ಟಿನಲ್ಲಿ ಅಮೆರಿಕದ ಪ್ರವಾಸಿ ವೀಸಾ ಮಾತ್ರ ಇರುವ ತಂದೆತಾಯಿಗಳಿಗೆ ಕೆನಡಾದ ವೀಸಾ ಬೇರೆಯಾಗಿ ಬೇಕು. ಇದನ್ನು ಮರೆತು ಬಂದರಿನಿಂದ ಹಿಂದಿರುಗಿದವರನ್ನು ಬಲ್ಲೆ.) ವಿಟ್ಟಿಯರ್‌ನಿಂದ ಆಂಕರೇಜ್ ಸುಮಾರು 60 ಮೈಲಿ. ಅಲ್ಲಿಗೆ ತಲುಪಲು ಎರಡೂವರೆ ಮೈಲಿ ಉದ್ದದ ಒಂದು ಸುರಂಗವನ್ನು ದಾಟಬೇಕು. ಅದರಲ್ಲಿರುವುದು ಒಂದೇ ಪಥ. ಅದರಲ್ಲೇ ರೈಲು, ಅದರಲ್ಲೇ ವಾಹನಗಳು, ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ಆಂಕರೇಜ್‌ನಿಂದ ಉದ್ಯಾನದ ಬಾಗಿಲಿಗೆ ಮತ್ತೆ 240 ಮೈಲಿ. ಒಟ್ಟು ದೂರ ಬೆಂಗಳೂರಿನಿಂದ ವಿಜಯಪುರದ ಗೋಲಗುಮ್ಮಟಕ್ಕೆ ಹೋಗುವುದಕ್ಕೆ ಸ್ವಲ್ಪ ಕಡಿಮೆ. ಎಪ್ಪತ್ತೈದು ದಾಟಿದ ತಂದೆಯನ್ನು ಬೆಳಗಿನ ಜಾವ ಎಬ್ಬಿಸಿ, ಒಂದೇ ಹಗಲಿನಲ್ಲಿ ಗೋಲಗುಮ್ಮಟಕ್ಕೆ ಕರೆದೊಯ್ದು, ಮರುದಿನ ಐದು ಗಂಟೆ ಬಸ್ಸಿನಲ್ಲಿ ಕೂರಿಸಿ, ಮೂರನೆಯ ದಿನ ಮರಳಿ ಬೆಂಗಳೂರಿಗೆ ಕರೆತರುವ ಏರ್ಪಾಡನ್ನು ಊರಿನಲ್ಲಿ ಯಾರಾದರೂ ಮಾಡುತ್ತೇವೆಯೇ? ಇಲ್ಲಿ ಮಾಡುತ್ತೇವೆ. ರಸ್ತೆ ನುಣುಪಾಗಿದೆ, ರೈಲಿಗೆ ಗಾಜಿನ ಮಾಡಿದೆ ಎಂಬ ಧೈರ್ಯ ನಮ್ಮದು.

ನಾನೂ ಅದನ್ನೇ ಮಾಡಿದವಳು. ಮೂರು ವರ್ಷಗಳ ಹಿಂದೆ ನನ್ನ ತಂದೆತಾಯಿಗಳನ್ನು ವ್ಯಾಂಕೂವರ್‌ನಿಂದ ವಿಟ್ಟಿಯರ್‌ಗೆ ಹಡಗಿನಲ್ಲಿ ಕರೆದೊಯ್ದೆವು. ತಂದೆಯವರಿಗೆ ಆಗ 76 ವರ್ಷ. ಹೃದಯದಲ್ಲಿ ಸ್ಟೆಂಟ್, ರಕ್ತವನ್ನು ಒತ್ತುವ ಶಕ್ತಿ ಸ್ವಲ್ಪ ಕಡಿಮೆ, ದಿನಕ್ಕೊಂದು ಮೂತ್ರವರ್ಧಕ, ಅಂದರೆ ಮನೆಮಾತಿನ ನೀರಿನ ಮಾತ್ರೆ. ಏಳು ದಿನ ಹಡಗಿನಲ್ಲಿ ಅವರು ಮಗುವಿನಂತೆ ಸಂತೋಷವಾಗಿದ್ದರು. ಸೂಪು, ಬ್ರೆಡ್ಡು, ಚೀಸು, ಜೊತೆಗೆ ಊರಿನಿಂದ ತಂದ ಉಪ್ಪಿನಕಾಯಿ. ಇವುಗಳಲ್ಲಿ ಎಷ್ಟು ಉಪ್ಪಿತ್ತೆಂದು ವೈದ್ಯೆಯಾದ ಮಗಳು ಲೆಕ್ಕವಿಡಲಿಲ್ಲ. ಎಂಟನೆಯ ಬೆಳಿಗ್ಗೆ ಆರೂವರೆಗೆ ಹಡಗಿನಿಂದ ಇಳಿದೆವು. ಅಲ್ಲಿಂದ ರೈಲು, ಉದ್ಯಾನ ತಲುಪುವಾಗ ಸಂಜೆಯಾಗಿತ್ತು. ಓಡುವ ರೈಲಿನಲ್ಲಿ ಎದ್ದು ಶೌಚಾಲಯಕ್ಕೆ ನಡೆಯುವುದಕ್ಕೆ ಅಂಜಿ ತಂದೆಯವರು ಆ ದಿನ ಮಾತ್ರೆ ನುಂಗಲಿಲ್ಲ. ಮರುದಿನ ಉದ್ಯಾನದ ಬಸ್ಸು. ಅದರಲ್ಲಿ ಶೌಚಾಲಯವಿಲ್ಲ, ದಾರಿಯಲ್ಲಿ ನಿಲ್ಲಿಸಿದಾಗ ಮಾತ್ರ. ಆ ದಿನವೂ ನುಂಗಲಿಲ್ಲ. ನಮಗೆ ಹೇಳಲೂ ಇಲ್ಲ.

ಆ ರಾತ್ರಿ ಎರಡು ಗಂಟೆಗೆ ತಾಯಿ ನನ್ನನ್ನು ಎಬ್ಬಿಸಿದರು. ಜೂನ್‌ನಲ್ಲಿ ಅಲ್ಲಿ ಹೊತ್ತು ಸರಿಯಾಗಿ ಮುಳುಗುವುದೇ ಇಲ್ಲವಾದ್ದರಿಂದ ಪರದೆಯ ಅಂಚಿನಲ್ಲಿ ಬೆಳಕಿತ್ತು. ತಂದೆಯವರು ಮಂಚದ ತುದಿಯಲ್ಲಿ ಕೈಯೂರಿ ಕುಳಿತಿದ್ದರು. "ಮಕ್ಕೊಂಡ್ರ ಉಸಿರು ಹಿಡದಂಗ ಆಗತೈತಿ ಅವ್ವಾ" ಎಂದರು. ಪಾದ ಮುಟ್ಟಿ ನೋಡಿದೆ. ಬೆರಳೊತ್ತಿದ ಗುಳಿ ಹಾಗೆಯೇ ಉಳಿಯಿತು. "ಎರಡು ದಿನ ಗುಳಿಗಿ ತಗೊಂಡಿಲ್ಲ" ಎಂಬ ಮಾತು ಆಗ ಹೊರಬಂತು. ಅಲ್ಲಿಂದ ದೊಡ್ಡ ಆಸ್ಪತ್ರೆಯೆಂದರೆ ಫೇರ್‌ಬ್ಯಾಂಕ್ಸ್, ಸುಮಾರು 120 ಮೈಲಿ. ಆಂಬುಲೆನ್ಸಿನಲ್ಲಿ ಅವರ ಪಕ್ಕದಲ್ಲಿ ಕುಳಿತ ಎರಡು ತಾಸುಗಳಲ್ಲಿ ನಾನು ವೈದ್ಯೆಯಾಗಿರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ಅವರು ಚೇತರಿಸಿಕೊಂಡರು. ವಿಮೆಯವರು ಇದು ಮೊದಲಿನಿಂದ ಇದ್ದ ಕಾಯಿಲೆಯೆಂದು ತಗಾದೆ ತೆಗೆದು, ಆ ಪತ್ರವ್ಯವಹಾರ ತಿಂಗಳುಗಟ್ಟಲೆ ನಡೆಯಿತು. ಪರ್ವತವನ್ನಂತೂ ನಾವು ನೋಡಲಿಲ್ಲ. ಆ ಮೂರೂ ದಿನ ಮೋಡ.

ನನ್ನ ತಂದೆಯವರು ವಿಜಯಪುರ ಜಿಲ್ಲೆಯವರು. ಹರೆಯದಲ್ಲಿ ಮಲ್ಲಯ್ಯನ ಕಂಬಿಯೊಡನೆ ಶ್ರೀಶೈಲಕ್ಕೆ ನಡೆದವರು. ಫೇರ್‌ಬ್ಯಾಂಕ್ಸ್‌ನ ಹಾಸಿಗೆಯಲ್ಲಿ ಮಲಗಿ ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಕಂಬಿ ಹೊತ್ತು ನಡಿಯೋರೂ ಸಂಜೀ ಆತಂದ್ರ ಒಂದೂರಾಗ ಇಳೀತಾರ. ನಿಮ್ಮ ಯಾತ್ರಾದಾಗ ಇಳಿಯೂದ ಇಲ್ಲ ನೋಡವಾ."

ಇನ್ನು ವೈದ್ಯಕೀಯದ ಮಾತು. ಹಡಗಿನ ವಾರ ವಿಶ್ರಾಂತಿಯಂತೆ ಕಂಡರೂ ದೇಹ ಅದರಿಂದ ಸ್ವಲ್ಪ ಸಾಲ ಹೊತ್ತುಕೊಂಡೇ ಇಳಿಯುತ್ತದೆ. ಉಪ್ಪು ಹೆಚ್ಚಾಗಿರುತ್ತದೆ, ಊಟದ ಹೊತ್ತು ತಪ್ಪಿರುತ್ತದೆ, ಹಗಲು ಮುಗಿಯದ್ದರಿಂದ ನಿದ್ದೆ ಕಡಿಮೆಯಾಗಿರುತ್ತದೆ. ಮಧುಮೇಹಿಗಳ ಸಕ್ಕರೆ ಸಾಮಾನ್ಯವಾಗಿ ಏರಿರುತ್ತದೆ. ಆ ಸಾಲ ತೀರುವ ಮೊದಲೇ ಎಂಟೊಂಬತ್ತು ತಾಸು ಕೂರುವ ಪ್ರಯಾಣ ಬಂದರೆ ಹಿರಿಯರು ತಮಗೆ ತಿಳಿದ ಉಪಾಯವನ್ನು ಮಾಡುತ್ತಾರೆ: ನೀರು ಕುಡಿಯುವುದಿಲ್ಲ, ಮಾತ್ರೆ ಬಿಡುತ್ತಾರೆ. ನೀರು ಕುಡಿಯದೆ ನಾಲ್ಕು ತಾಸಿಗಿಂತ ಹೆಚ್ಚು ಅಲುಗದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಹೃದಯ ಸೋತವರು ನೀರಿನ ಮಾತ್ರೆ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಇನ್ನೊಂದು ಸಣ್ಣ ಸಂಗತಿ. ಹಡಗಿನ ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಲು ಹೇಳುತ್ತಾರೆ, ಅವು ನಿಮಗೆ ಮತ್ತೆ ಸಿಗುವುದು ಮರುದಿನ. ಅಮ್ಮ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸುವ ಉತ್ಸಾಹದಲ್ಲಿ ಇನ್ಸುಲಿನ್ ಪೆನ್ನನ್ನೂ ಪೆಟ್ಟಿಗೆಯಲ್ಲಿಟ್ಟಿದ್ದರೆ ಆ ರಾತ್ರಿಯೂ ಮರುದಿನವೂ ಅದು ಕೈಗೆ ಸಿಗದು.

ಡೆನಾಲಿಯನ್ನು ಮೊದಲು ಇರಿಸಿದರೆ ಇದೆಲ್ಲ ತಿರುಗಿಬೀಳುತ್ತದೆ. ಮನೆಯಿಂದ ತಾಜಾ ದೇಹದಲ್ಲಿ ಆಂಕರೇಜ್‌ಗೆ ಹಾರುತ್ತೀರಿ. ಕಷ್ಟದ ದಿನಗಳು ಮೊದಲು ಮುಗಿಯುತ್ತವೆ, ಅನಂತರ ಹಡಗು ವಿಶ್ರಾಂತಿಯಾಗುತ್ತದೆ. ಇದಕ್ಕೊಂದು ನ್ಯಾಯವಾದ ಆಕ್ಷೇಪಣೆ ಇದೆ: ತಡವಾದರೆ ವಿಮಾನವನ್ನು ಬದಲಿಸಬಹುದು, ಹಡಗು ಕಾಯುವುದಿಲ್ಲ. ನಿಜ. ಆದ್ದರಿಂದಲೇ ಆಂಕರೇಜ್‌ನಲ್ಲಿ ಒಂದು ದಿನವನ್ನು ಖಾಲಿ ಬಿಡಿ ಎನ್ನುತ್ತೇನೆ. ಒಂದು ದಿನದ ಹೋಟೆಲ್ ಖರ್ಚು ಹೆಚ್ಚಾಗುತ್ತದೆ. ನಮ್ಮ ಮನೆಗೆ ಬಂದ ಬಿಲ್ಲುಗಳನ್ನು ನೋಡಿದವರಿಗೆ ಅದು ಹೆಚ್ಚೆನಿಸದು.

ಇನ್ನೊಂದು ವಿಷಯವನ್ನು ಪ್ರವಾಸದ ಕೈಪಿಡಿಗಳು ಮೆಲ್ಲಗೆ ಹೇಳುತ್ತವೆ. ಉದ್ಯಾನದ ಬಾಗಿಲಿನಲ್ಲಿ ನಿಂತರೆ ಆ ಪರ್ವತ ಕಾಣುವುದೇ ಇಲ್ಲ. ಒಳಗೆ ಒಂಬತ್ತು ಹತ್ತು ಮೈಲಿ ಹೋದ ಮೇಲೆ, ಆಕಾಶ ತಿಳಿಯಾಗಿದ್ದರೆ ಮಾತ್ರ ಅದರ ಮೊದಲ ನೋಟ. ಬಂದವರಲ್ಲಿ ಮೂವರಲ್ಲಿ ಒಬ್ಬರಿಗೆ ಅದು ಕಾಣುತ್ತದೆಂಬುದು ಅಲ್ಲಿಯ ವಾಡಿಕೆಯ ಲೆಕ್ಕ. 92 ಮೈಲಿಯ ಉದ್ಯಾನದ ರಸ್ತೆ 2021ರ ಆಗಸ್ಟ್‌ನಲ್ಲಿ ಪ್ರಿಟಿ ರಾಕ್ಸ್ ಎಂಬಲ್ಲಿ ನೆಲ ಜಾರಿ, 43ನೇ ಮೈಲಿಯಲ್ಲಿ ಮುಚ್ಚಿತು. ನಾವು ಹೋದಾಗಲೂ ಬಸ್ಸು ಅಲ್ಲಿಂದಲೇ ಹಿಂದಿರುಗಿತು. ಹಳೆಯ ಛಾಯಾಚಿತ್ರಗಳಲ್ಲಿ ಪರ್ವತ ಕಣ್ಣೆದುರಿಗೇ ನಿಂತಂತೆ ಕಾಣುವ ಐಲ್ಸನ್ ಎಂಬ ಜಾಗ 66ನೇ ಮೈಲಿಯಲ್ಲಿದೆ. ಹೆಸರಿನ ಗೊಂದಲಕ್ಕೂ ಒಂದು ಮಾತು: ಸರ್ಕಾರದ ದಾಖಲೆಯಲ್ಲಿ 2015ರಲ್ಲಿ ಡೆನಾಲಿ ಎಂದಾದ ಪರ್ವತ 2025ರಲ್ಲಿ ಪುನಃ ಮೌಂಟ್ ಮೆಕಿನ್ಲಿ ಆಗಿದೆ, ಉದ್ಯಾನ ಮಾತ್ರ ಡೆನಾಲಿಯಾಗಿಯೇ ಉಳಿದಿದೆ. ನಿಮ್ಮ ಟಿಕೆಟ್ಟಿನಲ್ಲಿ ಎರಡೂ ಹೆಸರು ಕಂಡರೆ ಗಾಬರಿಯಾಗಬೇಡಿ.

20,310 ಅಡಿ ಎತ್ತರದ ಪರ್ವತವನ್ನು ನೋಡಲು ಅದರ ಬುಡಕ್ಕೆ ಹೋಗಬೇಕಾಗಿಲ್ಲ. ಆಂಕರೇಜ್‌ನಿಂದ ಸುಮಾರು 115 ಮೈಲಿ ದೂರದ ಟಾಲ್ಕೀಟ್ನಾ ಎಂಬ ಪುಟ್ಟ ಊರಿನ ಹೊಳೆದಂಡೆಯಿಂದ ಅದು ಕಾಣುತ್ತದೆ. ಎರಡೂವರೆ ತಾಸಿನ ದಾರಿ, ನಿಮ್ಮದೇ ಕಾರು, ಬೇಕೆಂದಲ್ಲಿ ನಿಲ್ಲಿಸಬಹುದು. ತಿಳಿಯಾದ ದಿನ ಆಂಕರೇಜ್‌ನಿಂದಲೇ ಕಾಣುತ್ತದೆ. ಶ್ರೀಶೈಲಕ್ಕೆ ಹೋಗುವವರು ದೇವಸ್ಥಾನಕ್ಕೆ ಮೊದಲೇ ಶಿಖರೇಶ್ವರದಲ್ಲಿ ನಿಂತು ಶಿಖರದರ್ಶನ ಮಾಡುವುದಿಲ್ಲವೇ? ಅದನ್ನು ಅರ್ಧ ಯಾತ್ರೆಯೆಂದು ಯಾರೂ ಹಳಿಯುವುದಿಲ್ಲ.

ಮಕ್ಕಳಿಗೆ ಕರಡಿ ನೋಡಬೇಕು, ನಿಮಗೆ ಉದ್ಯಾನ ನೋಡಬೇಕು ಎಂದಾದರೆ ಕುಟುಂಬ ಎರಡಾಗಲಿ. ಒಬ್ಬರು ಹಿರಿಯರೊಡನೆ ಆಂಕರೇಜ್‌ನಲ್ಲಿ ಉಳಿಯಲಿ, ಉಳಿದವರು ಹೋಗಿ ಬರಲಿ. ಈ ಸಲಹೆ ಕೊಟ್ಟಾಗಲೆಲ್ಲ ಕೇಳುವವರ ಮುಖ ಬಾಡುತ್ತದೆ. ಅಷ್ಟು ದೂರ ಕರೆತಂದು ಅವರನ್ನು ಬಿಟ್ಟುಹೋಗುವುದೇ ಎಂಬ ಅಪರಾಧಿಭಾವ ನಮ್ಮನ್ನೆಲ್ಲ ಕಾಡುತ್ತದೆ. ನನಗನಿಸುವಂತೆ ಈ ಪ್ರವಾಸಗಳಲ್ಲಿ ಅರ್ಧಕ್ಕರ್ಧ ನಡೆಯುವುದು ಅದರಿಂದಲೇ. ವರ್ಷಗಟ್ಟಲೆ ದೂರವಿದ್ದುದರ ಬಾಕಿಯನ್ನು ಹತ್ತು ದಿನಗಳಲ್ಲಿ ತೀರಿಸಹೊರಡುತ್ತೇವೆ. ಅವರೋ, ಮಕ್ಕಳು ಖರ್ಚು ಮಾಡಿದ್ದಾರೆಂದು ನೋವನ್ನು ನುಂಗಿ "ಆಗ್ತದೆ, ಆಗ್ತದೆ" ಎನ್ನುತ್ತಾರೆ. ಆ "ಆಗ್ತದೆ"ಯನ್ನು ಒಪ್ಪಿಗೆಯೆಂದು ತಿಳಿಯಬೇಡಿ. "ನಾಳೆ ಐದು ತಾಸು ಶೌಚಾಲಯವಿಲ್ಲದ ಬಸ್ಸು, ಕೂರಬಲ್ಲಿರಾ?" ಎಂದು ನೇರವಾಗಿ, ತಾಯಿಯನ್ನು ಬೇರೆಯಾಗಿ, ತಂದೆಯನ್ನು ಬೇರೆಯಾಗಿ ಕೇಳಿ.

ಕಳೆದ ವರ್ಷ ಜೂನ್ ಮೊದಲ ವಾರ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರೊಡನೆ ಮತ್ತೆ ಹೋದೆವು. ಈ ಬಾರಿ ಆಂಕರೇಜ್ ಮೊದಲು, ಹಡಗು ಕೊನೆಗೆ. ಟಾಲ್ಕೀಟ್ನಾದಲ್ಲಿ ಮೋಡ, ಅತ್ತೆಯವರು ಹೊಳೆಯ ಕಲ್ಲುಗಳನ್ನು ಆರಿಸಿಕೊಂಡು ಬಂದರು. ಮರುದಿನ ನಮ್ಮ ಖಾಲಿ ದಿನ. ಸಂಜೆ ಊಟ ಮುಗಿಸಿ ಆಂಕರೇಜ್‌ನ ಕಡಲಂಚಿಗೆ ಹೋಗಿ ನಿಂತಾಗ ಉತ್ತರದ ಅಂಚಿನಲ್ಲಿ ಬೆಳ್ಳಗೆ ಏನೋ ಇತ್ತು. "ಅದು ಮೋಡ ಅಲ್ವೇನಮ್ಮಾ?" ಎಂದರು. ಅಲ್ಲವೆಂದೆ. ಸ್ವಲ್ಪ ಹೊತ್ತು ನೋಡಿ, "ಸರಿ, ಚಳಿ ಆಗ್ತಿದೆ, ಹೋಗೋಣ" ಎಂದರು. ಮುಂದಿನ ಏಳು ದಿನ ಅವರು ಹಡಗಿನಲ್ಲಿ ಚೆನ್ನಾಗಿ ನಿದ್ರಿಸಿದರು.

ಇನ್ನು ವಿಮೆ. ಸಂದರ್ಶಕರ ವಿಮೆ ಕೊಳ್ಳುವಾಗ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ: ಮೊದಲಿನಿಂದ ಇರುವ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಎಷ್ಟು ಕೊಡುತ್ತೀರಿ, ಹಡಗಿನಲ್ಲೂ ಕೆನಡಾದಲ್ಲೂ ಇದು ನಡೆಯುತ್ತದೆಯೇ, ಆಂಬುಲೆನ್ಸ್ ವಿಮಾನದ ವೆಚ್ಚ ಸೇರಿದೆಯೇ. ಉತ್ತರ ಬಾರದಿದ್ದರೆ ಬೇರೆ ಕಂಪನಿಯನ್ನು ನೋಡಿ.

ಪ್ರವಾಸದ ಯೋಜನೆಯಲ್ಲಿರುವವರು ಕೂಟದ ಮುಂದಿನ ಆರೋಗ್ಯ ಶಿಬಿರಕ್ಕೆ ಹಣ ಕಟ್ಟುವ ಮೊದಲೇ ಬನ್ನಿ. ಹಿರಿಯರನ್ನು ಕರೆತನ್ನಿ, ಅವರ ಮಾತ್ರೆಗಳನ್ನು ಡಬ್ಬಿಸಮೇತ ತನ್ನಿ. ಪ್ರವಾಸದ ದಿನಚರಿಯ ಒಂದು ಪ್ರತಿಯೂ ಕೈಯಲ್ಲಿರಲಿ, ಜೊತೆಯಲ್ಲಿ ಕುಳಿತು ನೋಡೋಣ.