ಸ್ಕ್ಯಾನಿಂಗ್ ಮೆಷಿನ್ ಕೇಳೋಣ, ಆದ್ರೆ ಮನವಿ ಪತ್ರ ತಿದ್ದಿ ಕೇಳೋಣ



ತಾಲ್ಲೂಕು ಆಸ್ಪತ್ರೆಗೆ ಹೊಸ ಸ್ಕ್ಯಾನಿಂಗ್ ಮೆಷಿನ್ ಬೇಕು ಅಂತ ನಮ್ಮ ಗೆಳೆಯರು ಬರೆದಿರೋ ಮನವಿ ಪತ್ರದ ಕರಡು ನಾಲ್ಕು ದಿನದಿಂದ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡ್ತಿದೆ. ಬರುವ ಸೋಮವಾರ ಶಾಸಕರಿಗೆ ಕೊಡೋದಂತೆ. ಒಂದೇ ಸಾಲಿನ ಬೇಡಿಕೆ: "ಎಸ್‌ಸಿಎಸ್‌ಪಿ ಅನುದಾನದಲ್ಲಿ ಅತ್ಯಾಧುನಿಕ 4ಡಿ ಸ್ಕ್ಯಾನಿಂಗ್ ಯಂತ್ರ ಒದಗಿಸಬೇಕು." ಬೇಡಿಕೆಗೆ ನನ್ನ ವಿರೋಧ ಇಲ್ಲ. ಆದ್ರೆ ಆ ಸಾಲಿನಲ್ಲಿ ಎರಡು ಕಡೆ ತಕರಾರಿದೆ. ಒಂದು ಎಸ್‌ಸಿಎಸ್‌ಪಿ, ಇನ್ನೊಂದು 4ಡಿ. ತಿದ್ದಿ ಕೊಡಿ, ನಾನೂ ಸಹಿ ಹಾಕ್ತೀನಿ.

ನಾನು ಡಾಕ್ಟ್ರಲ್ಲ, ಬಿಎ ಓದಿದ ಗುಮಾಸ್ತ. ಆಸ್ಪತ್ರೆಯಲ್ಲಲ್ಲ, ಬೇರೆ ಆಫೀಸಿನಲ್ಲಿ ಖರೀದಿ ಫೈಲು ನೋಡ್ಕೊಳ್ಳೋ ಕೆಲಸ. ಕಂಪ್ಯೂಟರ್ ಆಗಲಿ ಜೆರಾಕ್ಸ್ ಮೆಷಿನ್ ಆಗಲಿ, ಯಾವುದು ಬರುತ್ತೆ ಅನ್ನೋದು ಟೆಂಡರ್ ತೆರೆಯೋ ದಿನ ತೀರ್ಮಾನ ಆಗಲ್ಲ. ಅದಕ್ಕೂ ಮೊದಲು ಯಾರೋ ಕೂತು ಟೈಪ್ ಮಾಡಿಸಿದ ಸ್ಪೆಸಿಫಿಕೇಷನ್ ಅನ್ನೋ ಎರಡು ಹಾಳೆಯಲ್ಲಿ ತೀರ್ಮಾನ ಆಗಿರುತ್ತೆ. ಪರದೆ ಇಷ್ಟೇ ಇಂಚು ಇರಬೇಕು, ಇಂಥ ಹೆಸರಿನ ಸೌಲಭ್ಯ ಇರಲೇಬೇಕು ಅಂತ ಬರೆದುಬಿಟ್ರೆ ಸಾಕು, ಒಂದೇ ಕಂಪನಿಯ ಮಾಲು ಮಾತ್ರ ಅದಕ್ಕೆ ಹೊಂದುತ್ತೆ. 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರೂ ಆಗುತ್ತೆ, ಎರಡು ಲಕೋಟೆನೂ ಇರುತ್ತೆ. ಎಲ್ಲಾ ಸರಿಯಾಗೇ ಇರುತ್ತೆ. ನಾವು ಬರೀ "ಮೆಷಿನ್ ಬೇಕು" ಅಂತ ಕೊಟ್ರೆ ಆ ಎರಡು ಹಾಳೆಯನ್ನ ಬರೆಯೋರು ಬೇರೆಯವರು.

ಮೊದಲು 4ಡಿ ವಿಷಯ. 4ಡಿ ಅಂದ್ರೆ ಮಗುವಿನ ಮುಖ ಗೊಂಬೆ ತರ ಅಲುಗಾಡೋದು ಪರದೆ ಮೇಲೆ ಕಾಣೋದು. ನೋಡೋಕೆ ಚೆಂದ, ಖಾಸಗಿ ಸೆಂಟರ್‌ಗಳು ಬೋರ್ಡಿನಲ್ಲಿ ಹಾಕ್ಕೊಳ್ಳೋಕೂ ಚೆಂದ. ಆದ್ರೆ ಮಗುವಿನ ಬೆಳವಣಿಗೆ, ನೀರಿನ ಪ್ರಮಾಣ, ಕಸ ಎಲ್ಲಿ ಕೂತಿದೆ, ಮಗು ತಲೆ ಕೆಳಗಿದೆಯೋ ಮೇಲಿದೆಯೋ, ಅವಳಿಯೋ, ಗರ್ಭಕೋಶದ ಹೊರಗೆ ಕಟ್ಟಿದೆಯೋ, ಇಷ್ಟನ್ನೂ ಹೇಳೋದು ಮಾಮೂಲಿ 2ಡಿ ಚಿತ್ರ. ನಮ್ಮ ಹೆಣ್ಣುಮಕ್ಕಳ ಜೀವ ಉಳಿಸೋ ಪ್ರಶ್ನೆಗಳು ಇವೇ. ಇದರ ಜೊತೆಗೆ ಕಲರ್ ಡಾಪ್ಲರ್ ಬೇಕೇ ಬೇಕು. ಬಿಪಿ ಇರೋ ಬಸುರಿಗೆ, ಮಗು ತೂಕ ಏರದೆ ಇದ್ದಾಗ, ಹೊಕ್ಕುಳಬಳ್ಳಿಯಲ್ಲಿ ರಕ್ತ ಸರಿಯಾಗಿ ಹರೀತಿದೆಯಾ ಅಂತ ಅದರಲ್ಲೇ ನೋಡಬೇಕು. ಹಾಗಾಗಿ "ಬಡವರಿಗೆ ಕಪ್ಪು ಬಿಳುಪಿನದು ಸಾಕು" ಅನ್ನೋ ಮಾತು ಯಾರಾದ್ರೂ ಎತ್ತಿದ್ರೆ ಅಲ್ಲೇ ಜಗಳ ಮಾಡೋಣ. ಒಳ್ಳೇ 2ಡಿ ಚಿತ್ರ, ಕಲರ್ ಡಾಪ್ಲರ್, ಮೂರು ಪ್ರೋಬ್. ಇಷ್ಟು ಬರೆಯಿರಿ. 4ಡಿಗೆ ಹೋಗೋ ದುಡ್ಡು ನಿರ್ವಹಣೆಗೆ ಹೋಗಲಿ.

ಪ್ರೋಬ್ ಅಂದ್ರೆ ಹೊಟ್ಟೆ ಮೇಲೆ ಆಡಿಸ್ತಾರಲ್ಲ, ಅದು. ಮೆಷಿನ್ ಒಂದೇ ಆದ್ರೂ ಪ್ರೋಬ್ ಬೇರೆ ಬೇರೆ. ಹೊಟ್ಟೆಗೆ, ಬಸುರಿಗೆ ಬಾಗಿದ ಮುಖದ ಕಾನ್ವೆಕ್ಸ್ ಪ್ರೋಬ್. ಅದರ ಶಬ್ದದ ತರಂಗ ಕಡಿಮೆ ಫ್ರೀಕ್ವೆನ್ಸಿದು, ಸುಮಾರು 2ರಿಂದ 5 ಮೆಗಾಹರ್ಟ್ಜ್, ಆಳಕ್ಕೆ ಇಳಿಯುತ್ತೆ. ಥೈರಾಯ್ಡ್, ಎದೆಯ ಗಂಟು, ಕಾಲಿನ ರಕ್ತನಾಳ ನೋಡೋಕೆ ಚಪ್ಪಟೆ ಮುಖದ ಲೀನಿಯರ್ ಪ್ರೋಬ್. ಅದು ಆಳಕ್ಕೆ ಹೋಗಲ್ಲ, ಮೇಲಿಂದನ್ನ ಸ್ಪಷ್ಟವಾಗಿ ತೋರಿಸುತ್ತೆ. ಮೂರನೇದು ಒಳಗಿಂದ ನೋಡೋ ಟಿವಿಎಸ್ ಪ್ರೋಬ್, ಶುರುವಿನ ವಾರಗಳ ಬಸಿರಿಗೆ, ಗರ್ಭಕೋಶದ ತೊಂದರೆಗೆ. ಸ್ಪೆಸಿಫಿಕೇಷನ್‌ನಲ್ಲಿ ಈ ಮೂರನ್ನೂ ಹೆಸರಿಟ್ಟು ಬರೀದೆ ಇದ್ರೆ ಒಂದೇ ಪ್ರೋಬ್ ಜೊತೆ ಮೆಷಿನ್ ಬಂದು ಕೂರುತ್ತೆ. ಆಮೇಲೆ ಎದೆಯಲ್ಲಿ ಗಂಟು ಅಂತ ಬರೋ ಅಕ್ಕನಿಗೆ ಮತ್ತೆ ಅದೇ ಮಾತು, "ಹೊರಗಡೆ ಮಾಡಿಸ್ಕೊಂಡು ಬನ್ನಿ."

ಹೊರಗಡೆ ಅಂದ್ರೆ ಎಷ್ಟು ಗೊತ್ತಲ್ಲ? ನಮ್ಮ ಕಡೆ ಒಂದು ಸ್ಕ್ಯಾನಿಗೆ ಸಾವಿರದ ಮೇಲೇ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಮೂರು ದಿನದ ಕೂಲಿ ಹೋಯ್ತು, ಓಡಾಡಿದ ದಿನದ ಕೂಲಿ ಬೇರೆ.

ನನ್ನ ಅಕ್ಕನ ಮಗಳು ಏಳು ತಿಂಗಳ ಬಸುರಿ ಇದ್ದಾಗ ಒಂದು ಸರ್ಕಾರಿ ಆಸ್ಪತ್ರೆಗೆ ಮೂರು ಸಲ ಅಲೆದಳು. ಯಾವ ಆಸ್ಪತ್ರೆ ಅಂತ ಹೇಳಲ್ಲ, ಅದೊಂದೇ ಹಾಗಿಲ್ಲ. ಮೊದಲನೇ ಸಲ ಸ್ಕ್ಯಾನ್ ಡಾಕ್ಟ್ರು ರಜೆ. ಎರಡನೇ ಸಲ ಡಾಕ್ಟ್ರು ಇದ್ರು, ಪ್ರೋಬ್ ಬಿದ್ದು ಹಾಳಾಗಿತ್ತು. ಮೂರನೇ ಸಲ ನಾನೇ ಜೊತೆಗೆ ಹೋದೆ. ಬಾಗಿಲಿಂದಲೇ ನೋಡಿದೆ, ಮೆಷಿನ್ ಮೇಲೆ ಹಾಸಿಗೆ ಬಟ್ಟೆ ಹೊದಿಸಿದ್ರು, ಪರದೆ ಮೂಲೆಯಲ್ಲಿ ಆಯುಧಪೂಜೆಯ ಕುಂಕುಮ ಹಾಗೇ ಒಣಗಿತ್ತು. ಹಬ್ಬ ಮುಗಿದು ಎರಡು ತಿಂಗಳಾಗಿತ್ತು. "ರಿಪೇರಿಗೆ ಬರೆದಿದೀವಿ ಸಾರ್" ಅಂದ್ರು. ಆ ಮೆಷಿನ್ ಸಣ್ಣದೇನಲ್ಲ, ಉದ್ಘಾಟನೆ ದಿನ ರಿಬ್ಬನ್ ಕಟ್ಟಿದ ಫೋಟೋ ಗೋಡೆ ಮೇಲೆ ತೂಗ್ತಿತ್ತು.

ಆಮೇಲೆ ಗೊತ್ತಿರೋರ ಹತ್ತಿರ ವಿಚಾರಿಸಿದೆ. ನಿರ್ವಹಣೆ ಒಪ್ಪಂದ ಇತ್ತಂತೆ. ಆದ್ರೆ ಪ್ರೋಬ್ ಅದರಲ್ಲಿ ಸೇರಿರಲಿಲ್ಲವಂತೆ. ಒಳಗೆ ಹರಳು ಇರೋ ಸೂಕ್ಷ್ಮ ವಸ್ತು ಅದು, ಬಿದ್ರೆ ಕೆಡುತ್ತೆ, ದುಬಾರಿ ಕೂಡ. ಕೆಡೋ ಸಾಮಾನನ್ನೇ ಬಿಟ್ಟು ಮಾಡ್ಕೊಂಡ ಒಪ್ಪಂದ ಯಾರ ಉಪಯೋಗಕ್ಕೆ? ಹಾಗಾಗಿ ಮನವಿ ಪತ್ರದಲ್ಲಿ ಈ ಮಾತು ಸ್ಪಷ್ಟವಾಗಿ ಬರಲಿ: ವಾರಂಟಿ ಮುಗಿದ ಮೇಲೆ ಕನಿಷ್ಠ ಐದು ವರ್ಷ ಸಮಗ್ರ ನಿರ್ವಹಣೆ, ಪ್ರೋಬ್, ಯುಪಿಎಸ್ ಬ್ಯಾಟರಿ ಸೇರಿ. ಕೆಟ್ಟು ಇಷ್ಟು ದಿನದಲ್ಲಿ ಸರಿಯಾಗದೆ ಇದ್ರೆ ಬದಲಿ ಮೆಷಿನ್, ಇಲ್ಲಾಂದ್ರೆ ದಂಡ. ಇನ್ನೊಂದು ಗುಮಾಸ್ತನ ಮಾತು. ಕಡಿಮೆ ದರ ಯಾರದು ಅಂತ ಲೆಕ್ಕ ಹಾಕುವಾಗ ಮೆಷಿನ್ ಬೆಲೆಗೆ ಆ ಐದು ವರ್ಷದ ನಿರ್ವಹಣೆ ದರವನ್ನೂ ಕೂಡಿಸಿ ನೋಡಬೇಕು ಅಂತ ಟೆಂಡರಿನಲ್ಲೇ ಬರೆಸಬೇಕು. ಇಲ್ಲಾಂದ್ರೆ ಮೆಷಿನ್ ಅಗ್ಗಕ್ಕೆ ಕೊಟ್ಟು ಆಮೇಲೆ ರಿಪೇರಿಯಲ್ಲಿ ಕಿತ್ಕೊಳ್ತಾರೆ.

ಬ್ರಾಂಡ್ ಯಾವುದು ಅಂತ ಕೆಲವರು ಕೇಳ್ತಿದ್ದಾರೆ. ಜಿಇ, ಫಿಲಿಪ್ಸ್, ಸ್ಯಾಮ್‌ಸಂಗ್, ಮೈಂಡ್ರೇ ಎಲ್ಲಾ ಇವೆ, ನಾವು ಅದರ ಜಗಳಕ್ಕೆ ಹೋಗೋದು ಬೇಡ. ನಮ್ಮ ಜಿಲ್ಲೆಗೆ ಸರ್ವಿಸ್ ಎಂಜಿನಿಯರ್ ಎಷ್ಟು ಹೊತ್ತಿಗೆ ಬರ್ತಾನೆ ಅಂತ ಕೇಳಿದ್ರೆ ಸಾಕು. ಮತ್ತೆ ಮೆಷಿನ್ ಬಳಸೋ ಡಾಕ್ಟ್ರೇ ಪ್ರೋಬ್ ಹಿಡಿದು ನೋಡಿ ಒಪ್ಪಬೇಕು. ಕಂಪನಿಯವರು ಡೆಮೋಗೆ ತೆಳ್ಳಗಿರೋ ಹುಡುಗನ್ನ ಮಲಗಿಸಿ ತೋರಿಸಿದ್ರೆ ಯಾವ ಮೆಷಿನ್ನೂ ಚೆನ್ನಾಗೇ ಕಾಣುತ್ತೆ.

ಡಾಕ್ಟ್ರು ಅಂದ್ನಲ್ಲ, ಅಸಲಿ ಗಂಟು ಇರೋದು ಅಲ್ಲೇ. ಬಸುರಿ ಹೆಂಗಸಿನ ಸ್ಕ್ಯಾನ್ ಯಾರೋ ಟೆಕ್ನೀಷಿಯನ್ ಮಾಡೋ ಹಾಗಿಲ್ಲ. ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಅರ್ಹತೆ ಇರೋ ವೈದ್ಯರೇ ಮಾಡಬೇಕು. ರೇಡಿಯಾಲಜಿಸ್ಟ್ ಸಿಗದ ಕಡೆ ಎಂಬಿಬಿಎಸ್ ವೈದ್ಯರಿಗೆ ಆರು ತಿಂಗಳ ತರಬೇತಿ ಕೊಡೋದಕ್ಕೆ 2014ರಲ್ಲಿ ನಿಯಮ ಬಂದಿದೆ. ಖಾಸಗಿ ರೇಡಿಯಾಲಜಿಸ್ಟ್‌ನ ವಾರಕ್ಕೆ ಎರಡು ದಿನ ಕರೆಸೋಣ ಅಂತ ಒಬ್ಬ ತಮ್ಮ ಬರೆದಿದ್ದ. ಅದೂ ಸುಲಭ ಇಲ್ಲ ತಮ್ಮ, ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಸೆಂಟರ್‌ನಲ್ಲಿ ಹೆಸರು ನೋಂದಾಯಿಸೋ ಹಾಗಿಲ್ಲ. ನಮ್ಮೂರ ಸುತ್ತ ಇರೋರ ಹೆಸರು ಆಗಲೇ ಎರಡೆರಡು ಕಡೆ ಇದ್ರೆ? ಹಾಗಾಗಿ ಮೆಷಿನ್ ಬರೋಕೆ ಮೊದಲು ಹುದ್ದೆ ತುಂಬಿ, ಇಲ್ಲವೇ ಇರೋ ವೈದ್ಯರನ್ನ ತರಬೇತಿಗೆ ಕಳಿಸಿ ಅಂತ ಕೇಳಬೇಕು. ಇದು ಬೇಡಿಕೆಯ ಮೊದಲ ಸಾಲು ಆಗಬೇಕು.

ಇನ್ನೊಂದು ಸಲಹೆ ಬಂದಿದೆ, ಲ್ಯಾಪ್‌ಟಾಪ್ ತರದ ಸಣ್ಣ ಮೆಷಿನ್ ತರಿಸಿ ಕೇರಿ ಕೇರಿಗೆ, ಹಾಡಿಗೆ ತಗೊಂಡು ಹೋಗೋಣ ಅಂತ. ಆಸೆ ಒಳ್ಳೇದು. ಆದ್ರೆ ಪೋರ್ಟಬಲ್ ಮೆಷಿನ್‌ನ ನೋಂದಾಯಿತ ಆಸ್ಪತ್ರೆಯ ಆವರಣದಲ್ಲಿ, ಒಳರೋಗಿಗಳಿಗೆ ಮಾತ್ರ ಬಳಸಬೇಕು. ಹೊರಗೆ ಒಯ್ಯಬೇಕಾದ್ರೆ ಬೇರೆ ಚಿಕಿತ್ಸೆಗಳೂ ಇರೋ, ನೋಂದಣಿಯಾದ ಸಂಚಾರಿ ವೈದ್ಯಕೀಯ ಘಟಕ ಬೇಕು. ಈ ನಿಯಮ ಸುಮ್ಮನೆ ಬಂದಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯಲ್ಲಿ ಮೆಷಿನ್ ಇಟ್ಕೊಂಡು ಭ್ರೂಣದ ಲಿಂಗ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿದ್ದು ಮರೆತಿಲ್ಲ ತಾನೆ. ಬೆಲ್ಲ ಕಾಯಿಸೋ ಜಾಗದಲ್ಲಿ ಹೆಣ್ಣು ಕೂಸುಗಳ ಲೆಕ್ಕ ಹಾಕ್ತಿದ್ರು. ಫಾರ್ಮ್ ಎಫ್ ತುಂಬೋದು ಕಿರಿಕಿರಿ ಅಂತ ಗೊಣಗೋರು ಇದನ್ನ ನೆನಪಿಟ್ಟುಕೊಳ್ಳಲಿ. ಕೇರಿಗೆ ಸ್ಕ್ಯಾನ್ ಬರಬೇಕು ಅಂದ್ರೆ ಸಂಚಾರಿ ಘಟಕ ಕೇಳೋಣ, ಇಲ್ಲಾ ಕೇರಿಯಿಂದ ಆಸ್ಪತ್ರೆಗೆ ವಾಹನ ಕೇಳೋಣ.

ಇನ್ನು ಎಸ್‌ಸಿಎಸ್‌ಪಿ. ನಮ್ಮ ಹಿರಿಯಣ್ಣ ಒಬ್ಬರು ಫೋನ್ ಮಾಡಿ, "ದುಡ್ಡು ಯಾವ ಬಾಬ್ತಿನದಾದ್ರೇನಪ್ಪ, ಮೆಷಿನ್ ಬಂದ್ರೆ ನಮ್ಮ ಹೆಣ್ಣುಮಕ್ಕಳಿಗೇ ತಾನೆ ಅನುಕೂಲ" ಅಂದ್ರು. ಅವರ ಮೇಲೆ ನನಗೆ ತುಂಬಾ ಗೌರವ, ಜೈಲು ಕಂಡ ಜೀವ. ಆದ್ರೂ ಒಪ್ಪಲ್ಲ ಅಣ್ಣ. 2013ರಲ್ಲಿ ನಾವೆಲ್ಲ ಬೀದಿಗಿಳಿದು ತಂದ ಕಾಯ್ದೆ ಅದು. ಅದರೊಳಗೆ 7(ಡಿ) ಅನ್ನೋ ಕಿಂಡಿ ಇತ್ತು. ಎಲ್ಲರೂ ಬಳಸೋ ಕಾಮಗಾರಿಗೂ "ಪರಿಶಿಷ್ಟರಿಗೂ ಉಪಯೋಗ ಆಗುತ್ತೆ" ಅಂತ ನಮ್ಮ ಹಣವನ್ನ ಲೆಕ್ಕ ತೋರಿಸ್ತಿದ್ರು. ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನ ತೆಗೆದ್ರು. ಈಗ ನಾವೇ ಲೆಟರ್‌ಹೆಡ್ ಮೇಲೆ "ಎಲ್ಲರ ಆಸ್ಪತ್ರೆಗೆ ನಮ್ಮ ಹಣದಲ್ಲಿ ಮೆಷಿನ್ ಕೊಡಿ" ಅಂತ ಬರೆದುಕೊಟ್ರೆ, ಮುಚ್ಚಿದ ಕಿಂಡಿಯನ್ನ ನಮ್ಮ ಕೈಯಿಂದಲೇ ತೆರೆದಂಗೆ. ನಾಳೆ ರಸ್ತೆಗೆ, ಫ್ಲೈಓವರಿಗೆ ಕೊಡುವಾಗ ಇದೇ ಪತ್ರ ತೋರಿಸ್ತಾರೆ.

ಬಸುರಿ ಹೆಂಗಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಸ್ಕ್ಯಾನ್ ಕೊಡೋದು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದಲೇ ಸರ್ಕಾರದ ಹೊಣೆ. 2016ರಿಂದ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರ ವಿಶೇಷ ತಪಾಸಣೆ ಇದೆ, ಅದರಲ್ಲೂ ಸ್ಕ್ಯಾನ್ ಸೇರಿದೆ. ಹೊಸದಾಗಿ ಬೇಡೋದೇನಿಲ್ಲ, ಕೊಡ್ತೀವಿ ಅಂದಿದ್ದನ್ನ ಯಾಕೆ ಕೊಟ್ಟಿಲ್ಲ ಅಂತ ಕೇಳೋದು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬೆಂಬಲಿಸಿ ಮಾತಾಡಿದಾಗ, ತಾಯಂದಿರ ಆರೈಕೆ ದೇಶದ ಹಿತ, ಅದರ ಭಾರದಲ್ಲಿ ದೊಡ್ಡ ಪಾಲನ್ನ ಸರ್ಕಾರವೇ ಹೊರಬೇಕು ಅನ್ನೋ ಅರ್ಥದಲ್ಲಿ ವಾದಿಸಿದ್ರು. ಆರೋಗ್ಯ ಇಲಾಖೆಯ ಸಾಮಾನ್ಯ ಅನುದಾನದಲ್ಲಿ ತಗೊಳ್ಳಲಿ. ನಮ್ಮ ಪಾಲಿನ ಹಣ ನಮ್ಮ ಮಕ್ಕಳ ಹಾಸ್ಟೆಲಿಗೆ, ಭೂಮಿಗೆ, ಗಂಗಾ ಕಲ್ಯಾಣದ ಕೊಳವೆಬಾವಿಗೆ ಇರಲಿ.

ಕೊನೇದಾಗಿ ಯಾರೂ ಪತ್ರದಲ್ಲಿ ಬರೆಯದ ಒಂದು ವಿಷಯ. ಸ್ಕ್ಯಾನ್ ಅಂದ್ರೆ ಜೆಲ್ ಹಚ್ಚಿ, ಹೊಟ್ಟೆ ಮೇಲೆ ಕೈಯಿಟ್ಟು ನೋಡೋ ಪರೀಕ್ಷೆ. ಮಾತ್ರೆ ತರ ದೂರದಿಂದ ಕೈಗೆ ಹಾಕಿ ಕಳಿಸೋಕಾಗಲ್ಲ. ನಮ್ಮ ಹೆಣ್ಣುಮಕ್ಕಳು ಅಲ್ಲಿಂದ ಬಂದು ಏನು ಹೇಳ್ತಾರೆ ಅಂತ ನಿಮ್ಮ ಮನೆಯಲ್ಲಿ ಕೇಳಿ ನೋಡಿ. "ಎಲ್ಲಿಂದ ಬಂದಿದೀಯಾ" ಅಂತ ಊರು ಕೇಳಿ, ಆಮೇಲೆ ಊರೊಳಗೆ ಎಲ್ಲಿ ಅಂತ ಕೇಳ್ತಾರಂತೆ. ಕೋಣೆಗೆ ಪರದೆ, ಬಟ್ಟೆ ಸರಿಮಾಡ್ಕೊಳ್ಳೋಕೆ ಜಾಗ, ಜೆಲ್ ಒರೆಸೋಕೆ ಬಟ್ಟೆ, ಜೊತೆಗೊಬ್ಬ ಮಹಿಳಾ ಸಿಬ್ಬಂದಿ. ಇದಕ್ಕೆ ಲಕ್ಷಗಳು ಬೇಡ. ಇದನ್ನೂ ಬರೆಯಿರಿ.

ಭಾನುವಾರ ಸಂಜೆ ಅಂಬೇಡ್ಕರ್ ಭವನದಲ್ಲಿ ಕೂತು ಕರಡು ತಿದ್ದೋಣ. ಆಶಾ ಕಾರ್ಯಕರ್ತೆಯರಾಗಿರೋ ನಮ್ಮ ಅಕ್ಕಂದಿರು ಇಬ್ಬರಾದ್ರೂ ಬರಬೇಕು, ಯಾವ ದಿನ ಯಾರನ್ನ ವಾಪಸ್ ಕಳಿಸಿದ್ರು ಅನ್ನೋ ಲೆಕ್ಕ ಅವರ ಡೈರಿಯಲ್ಲಿದೆ. ಆ ಹಾಳೆಗಳ ಜೆರಾಕ್ಸ್ ಮನವಿ ಪತ್ರದ ಜೊತೆ ಹೋಗಲಿ.